ವಿಷ ಉಣ್ಣುವ ಮಣ್ಣು

ಫಿಲಿಪ್ಪೀನ್ಸಿನ ಲಾಸ್ ಬಾನ್ಯೋಸ್‌ನಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದೆ. ಐವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಅಲ್ಲಿಯ ಗದ್ದೆಗಳಲ್ಲಿ ಭತ್ತದ ಬುಡಕ್ಕೆ ಕೂತು ರಸ ಹೀರುವ ಕಂದು ಜಿಗಿಹುಳಕ್ಕೆ ಡಯಾಜಿನಾನ್ ಎಂಬ ಕೀಟನಾಶಕ ಹಾಕುತ್ತಿದ್ದರು. ಮೊದಮೊದಲು ಹುಳ ಸತ್ತಿತು. ಅದೇ ಗದ್ದೆಗೆ ಮತ್ತೆ ಮತ್ತೆ ಹಾಕುತ್ತ ಹೋದಂತೆ ಔಷಧಿ ಕಸುವು ಕಳೆದುಕೊಂಡಿತು. ಇಂಥ ಹೊತ್ತಿನಲ್ಲಿ ಯಾರಿಗಾದರೂ ಮೊದಲು ಬರುವ ಅನುಮಾನ, ಹುಳಕ್ಕೇ ಔಷಧಿ ಒಗ್ಗಿಹೋಗಿದೆ ಎಂಬುದು. ಆಗ ಅಲ್ಲಿ ಕೆಲಸ ಮಾಡುತ್ತಿದ್ದ ಭಾರತೀಯ ವಿಜ್ಞಾನಿ ಎನ್. ಸೇತುನಾಥನ್ ಹುಳವನ್ನು ಬಿಟ್ಟು ಗದ್ದೆಯ ನೀರಿನ ಕಡೆ ತಿರುಗಿದರು. ಮೊದಲೇ ಡಯಾಜಿನಾನ್ ಕಂಡಿದ್ದ ಗದ್ದೆಯ ನೀರಿನಲ್ಲಿ ಹೊಸದಾಗಿ ಹಾಕಿದ ಡಯಾಜಿನಾನ್ ಬೇಗ ಮಾಯವಾಗುತ್ತಿತ್ತು. ಎಂದೂ ಕಾಣದ ಗದ್ದೆಯಲ್ಲಿ ಅದು ಉಳಿಯುತ್ತಿತ್ತು. ಜಿಗಿಹುಳವನ್ನು ಮುಟ್ಟುವ ಮೊದಲೇ ಔಷಧಿಯನ್ನು ನೀರಿನ ಸೂಕ್ಷ್ಮಜೀವಿಗಳು ಮುಗಿಸಿಬಿಡುತ್ತಿವೆ ಎಂದು ಅವರು 1971ರಲ್ಲಿ ಬರೆದರು. ಎರಡು ವರ್ಷಗಳ ಬಳಿಕ ಟಿ. ಯೋಶಿದಾ ಅವರೊಂದಿಗೆ ಆ ಜೀವಿಯನ್ನೇ ಬೇರ್ಪಡಿಸಿ ತೋರಿಸಿದರು. ಹಳದಿ ಬಣ್ಣದ ಆ ಬ್ಯಾಕ್ಟೀರಿಯಾಕ್ಕೆ ಅಂದು ಸಿಕ್ಕ ಹೆಸರು ಫ್ಲಾವೊಬ್ಯಾಕ್ಟೀರಿಯಮ್. ಅದು ಡಯಾಜಿನಾನ್ ಜೊತೆಗೆ ಪ್ಯಾರಾಥಿಯಾನ್ ಎಂಬ ಇನ್ನೊಂದು ಕೀಟನಾಶಕವನ್ನೂ ಒಡೆಯುತ್ತಿತ್ತು.

ಬೆಳೆ ಕಾಯುವವರ ಪಾಲಿಗೆ ಇದು ನಷ್ಟದ ಸುದ್ದಿ. ಮಣ್ಣು ಕಾಯುವವರ ಪಾಲಿಗೆ ಇದೇ ಭರವಸೆಯ ಸುದ್ದಿ. ಕೃಷಿಭೂಮಿಯ ವಿಷವನ್ನು ಸೂಕ್ಷ್ಮಜೀವಿಗಳಿಂದ ಕಳೆಯುವ ಶಾಸ್ತ್ರವೆಲ್ಲ ಈ ಒಂದೇ ಘಟನೆಯ ಎರಡು ಮಗ್ಗುಲುಗಳ ನಡುವೆ ಬೆಳೆದಿದೆ. ಹಾಗಾಗಿ ಈ ಉಪನ್ಯಾಸ ಎರಡನ್ನೂ ಜೊತೆಗಿಟ್ಟುಕೊಂಡೇ ಮುಂದುವರಿಯುತ್ತದೆ. ವಿಷ ಕಳೆಯುವ ಶಕ್ತಿ ಒಂದು ನಿರ್ದಿಷ್ಟ ಮಣ್ಣಿಗೆ, ಅದರ ತೇವಕ್ಕೆ, ಅದು ಹಿಂದೆ ಉಂಡದ್ದರ ನೆನಪಿಗೆ ಸೇರಿದ್ದು. ಆ ಶಕ್ತಿಯನ್ನು ಬಾಟಲಿಯಲ್ಲಿ ತುಂಬಿ ಇನ್ನೊಂದು ಹೊಲಕ್ಕೆ ಸುರಿಯಬಹುದು ಎಂಬ ಮಾತನ್ನು ಒಪ್ಪುವ ಮೊದಲು ಬಹಳ ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ.

ಮಣ್ಣಿಗೆ ಇಂಥ ನೆನಪಿದೆ ಎಂಬುದು ಸೇತುನಾಥನ್ ಅವರಿಗಿಂತ ಮೊದಲೇ ಕಂಡಿತ್ತು. 1949ರಲ್ಲಿ ಬ್ರಿಟನ್ನಿನ ಸಸ್ಯವಿಜ್ಞಾನಿ ಎಲ್. ಜೆ. ಆಡಸ್ 2,4-ಡಿ ಕಳೆನಾಶಕದ ದ್ರಾವಣವನ್ನು ಮಣ್ಣಿನ ಮೂಲಕ ಸತತವಾಗಿ ಸುತ್ತು ಹರಿಸಿದರು. ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಕಳೆನಾಶಕ ಒಮ್ಮೆಲೇ ಕುಸಿಯಿತು. ಅದೇ ಮಣ್ಣಿಗೆ ಎರಡನೇ ಸಲ ಕೊಟ್ಟಾಗ ಮೊದಲಿನ ಕಾಯುವಿಕೆ ಇರಲಿಲ್ಲ, ಕೊಟ್ಟ ಕೂಡಲೇ ಕರಗತೊಡಗಿತು. ಆ ಮೊದಲ ಕೆಲವು ದಿನಗಳಲ್ಲಿ ನಡೆದದ್ದು ಆಯ್ಕೆ. ಒಂದು ಗ್ರಾಂ ಹೊಲದ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳಲ್ಲಿ ಎಲ್ಲೋ ಕೆಲವಕ್ಕೆ ಈ ಹೊಸ ಪದಾರ್ಥವನ್ನು ಆಹಾರ ಮಾಡಿಕೊಳ್ಳುವ ಕಿಣ್ವ ಇರುತ್ತದೆ. ಉಳಿದವು ಹಸಿದಿರುವಾಗ ಅವು ಉಂಡು ಹೆಚ್ಚುತ್ತವೆ. ಎರಡನೇ ಸಲಕ್ಕೆ ಆ ಪಡೆ ಸಿದ್ಧವಾಗಿರುತ್ತದೆ. ಅಮೆರಿಕದ ಮೆಕ್ಕೆಜೋಳದ ಸೀಮೆಯ ರೈತರು ಇದರ ಬಿಸಿಯನ್ನು ನೇರವಾಗಿ ಕಂಡರು. ವರ್ಷವರ್ಷವೂ ಕಾರ್ಬೊಫ್ಯುರಾನ್ ಹಾಕಿದ ಹೊಲಗಳಲ್ಲಿ ಅದು ಬೇರುಹುಳವನ್ನು ತಡೆಯದೆ ಹೋಯಿತು. ನಮ್ಮ ರೈತರು ಫುರಡಾನ್ ಎಂದು ಕರೆಯುವ ಹರಳೂ ಇದೇ.

ಇಲ್ಲಿ ಬೆರಗಿನ ಸಂಗತಿಯೊಂದಿದೆ. ಪ್ಯಾರಾಥಿಯಾನ್ ಪ್ರಕೃತಿಯಲ್ಲಿ ಇರಲೇ ಇಲ್ಲ. ಜರ್ಮನಿಯ ರಸಾಯನವಿಜ್ಞಾನಿ ಗೆರ್ಹಾರ್ಡ್ ಶ್ರಾಡರ್ 1940ರ ದಶಕದಲ್ಲಿ ಅದನ್ನು ಕಟ್ಟಿದರು. ನರಗಳ ನಡುವಿನ ಸಂದೇಶವನ್ನೇ ಕೆಡಿಸುವ ಘೋರ ವಿಷ ಅದು. 1958ರಲ್ಲಿ ಹಡಗಿನಲ್ಲಿ ಬಂದ ಗೋಧಿಹಿಟ್ಟಿಗೆ ಪ್ಯಾರಾಥಿಯಾನ್ ತಗುಲಿ ಕೇರಳದಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಆ ದುರಂತದ ವಿಚಾರಣೆಯ ಜಾಡಿನಲ್ಲೇ 1968ರ ಕೀಟನಾಶಕ ಕಾಯಿದೆ ಬಂತು. ಇಂಥ ವಿಷದ ಅಣುವಿನಲ್ಲಿ ರಂಜಕ ಮತ್ತು ಆಮ್ಲಜನಕದ ನಡುವಿನ ಕೊಂಡಿಯನ್ನು ಕತ್ತರಿಸುವ ಕಿಣ್ವ ಫಿಲಿಪ್ಪೀನ್ಸಿನ ಗದ್ದೆಯ ಜೀವಿಯಲ್ಲಿ ಸಿಕ್ಕಿತು. ಅಮೆರಿಕದಲ್ಲಿ ಸಿಕ್ಕ ಇನ್ನೊಂದು ಬ್ಯಾಕ್ಟೀರಿಯಾದಲ್ಲೂ ಅದೇ ಜೀನ್ ಇತ್ತು. ಎರಡು ಜೀವಿಗಳೂ ಬೇರೆ, ಖಂಡಗಳೂ ಬೇರೆ, ಆ ಜೀನನ್ನು ಹೊತ್ತ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಗಳ ಉಳಿದ ಭಾಗವೂ ಬಹಳ ಮಟ್ಟಿಗೆ ಬೇರೆ. ಜೀನ್ ಮಾತ್ರ ಒಂದೇ. ಅಂದರೆ ಬ್ಯಾಕ್ಟೀರಿಯಾಗಳು ಈ ಹತಾರವನ್ನು ಪರಸ್ಪರ ದಾಟಿಸಿಕೊಳ್ಳುತ್ತವೆ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ದಯಾನಂದ ಸಿದ್ದವಟ್ಟಂ ಅವರ ತಂಡ ಈ ದಾಟುವಿಕೆಯನ್ನೇ ಬೆನ್ನುಹತ್ತಿ, ಆ ಜೀನ್ ಒಂದೆಡೆಯಿಂದ ಇನ್ನೊಂದೆಡೆಗೆ ಹಾರಬಲ್ಲ ಡಿಎನ್‌ಎ ತುಣುಕುಗಳ ನಡುವೆ ಕೂತಿದೆ ಎಂದು ತೋರಿಸಿತು.

ಆದರೂ ಕೆಲಸ ಒಬ್ಬರಿಂದ ಮುಗಿಯುವಂಥದ್ದಲ್ಲ. ಪ್ಯಾರಾಥಿಯಾನ್ ತುಂಡಾದಾಗ ಪ್ಯಾರಾನೈಟ್ರೊಫಿನಾಲ್ ಹುಟ್ಟುತ್ತದೆ, ಅದೂ ನಂಜೇ. ಅದನ್ನು ಉಣ್ಣಲು ಬೇರೆ ಬ್ಯಾಕ್ಟೀರಿಯಾ ಬೇಕು. ಮೂಲ ವಿಷ ಕಾಣೆಯಾದದ್ದನ್ನು ಮಾತ್ರ ಅಳೆದು ಮಣ್ಣು ಶುದ್ಧವಾಯಿತು ಎಂದು ಹೇಳುವ ವರದಿಗಳನ್ನು ಈ ಕಾರಣಕ್ಕೇ ಎರಡು ಸಲ ಓದಬೇಕು.

ಭಾರತದ ಹೊಲಗಳ ಮಟ್ಟಿಗೆ ಅತಿ ದೊಡ್ಡ ಕಥೆ ಬಿಎಚ್‌ಸಿಯದು. ಹಳ್ಳಿಗಳಲ್ಲಿ ಗಮಾಕ್ಸಿನ್ ಪುಡಿ ಎಂದು ಹೆಸರಾಗಿದ್ದ ಇದನ್ನು ಗೆದ್ದಲಿಗೆ, ಇರುವೆಗೆ, ಭತ್ತದ ಹುಳಕ್ಕೆ, ಸೊಳ್ಳೆಗೆ ಎಲ್ಲಕ್ಕೂ ಬಳಿದು ಎರಚಿದ್ದುಂಟು. ಇದರ ಶಾಸ್ತ್ರೀಯ ಹೆಸರು ಹೆಕ್ಸಾಕ್ಲೋರೊಸೈಕ್ಲೊಹೆಕ್ಸೇನ್, ಚಿಕ್ಕದಾಗಿ ಎಚ್‌ಸಿಎಚ್. ಮೈಕೆಲ್ ಫ್ಯಾರಡೆ 1825ರಲ್ಲೇ ಇದನ್ನು ತಯಾರಿಸಿದ್ದರು, ಹುಳ ಕೊಲ್ಲುವ ಗುಣ ಮಾತ್ರ ಎರಡನೇ ಮಹಾಯುದ್ಧದ ಹೊತ್ತಿಗೆ ತಿಳಿಯಿತು. 1952ರಲ್ಲಿ ಕೋಲ್ಕತ್ತದ ಹತ್ತಿರದ ರಿಶ್ರಾದಲ್ಲಿ ಇದರ ಕಾರ್ಖಾನೆ ತೆರೆಯಿತು. ಆರು ಇಂಗಾಲದ ಉಂಗುರ, ಪ್ರತಿ ಇಂಗಾಲಕ್ಕೂ ಒಂದು ಕ್ಲೋರಿನ್. ಆ ಕ್ಲೋರಿನ್‌ಗಳು ಉಂಗುರದ ಮೇಲೆ ಯಾವ ದಿಕ್ಕಿಗೆ ಚಾಚಿವೆ ಎಂಬುದರ ಮೇಲೆ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಎಂಬ ರೂಪಗಳು. ಹುಳ ಕೊಲ್ಲುವುದು ಗಾಮಾ ಒಂದೇ, ಅದಕ್ಕೆ ಲಿಂಡೇನ್ ಎಂದು ಹೆಸರು. ಸಾಮಾನ್ಯ ಬಿಎಚ್‌ಸಿ ಪುಡಿಯ ವಿಷದ ಭಾಗದಲ್ಲಿ ಗಾಮಾ ಶೇಕಡ 10ರಿಂದ 15ರಷ್ಟು ಮಾತ್ರ. ಉಳಿದದ್ದು ಹುಳಕ್ಕೆ ನಾಟದ, ಮಣ್ಣಿಗೆ ಮಾತ್ರ ಹೊರೆಯಾದ ರೂಪಗಳು. ಕಾರ್ಖಾನೆಯಲ್ಲೇ ಗಾಮಾವನ್ನು ಬೇರ್ಪಡಿಸಿದರೆ ಒಂದು ಟನ್ ಲಿಂಡೇನ್‌ಗೆ 8ರಿಂದ 12 ಟನ್ ತ್ಯಾಜ್ಯ ಉಳಿಯುತ್ತಿತ್ತು. ಅದನ್ನು ಹಲವು ದೇಶಗಳಲ್ಲಿ ಬಯಲಿಗೆ ಸುರಿದರು.

ಈ ವಿಷವನ್ನೂ ಗದ್ದೆ ಉಣ್ಣುತ್ತದೆ ಎಂಬುದು ಮತ್ತೆ ಲಾಸ್ ಬಾನ್ಯೋಸ್‌ನಲ್ಲೇ ಹೊರಬಿತ್ತು. 1966ರಲ್ಲಿ ಕೆ. ರಾಘು ಮತ್ತು ಐ. ಸಿ. ಮ್ಯಾಕ್‌ರೇ, ನೀರು ನಿಂತ ಭತ್ತದ ಮಣ್ಣಿನಲ್ಲಿ ಗಾಮಾ ರೂಪ ಕರಗುವುದನ್ನೂ ಎರಡನೇ ಸಲ ಇನ್ನೂ ಬೇಗ ಕರಗುವುದನ್ನೂ ವರದಿ ಮಾಡಿದರು. ಅಲ್ಲಿ ಕೆಲಸ ಮಾಡಿದ್ದು ಗಾಳಿ ಬೇಡದ ಬ್ಯಾಕ್ಟೀರಿಯಾಗಳು. ಗಾಳಿಯಾಡುವ ಒಣಭೂಮಿಯ ಮಣ್ಣಿನಲ್ಲಿ ಮಾತ್ರ ಬಿಎಚ್‌ಸಿ ಅಷ್ಟು ಸುಲಭಕ್ಕೆ ಬಗ್ಗುತ್ತಿರಲಿಲ್ಲ, ಅದರಲ್ಲೂ ಬೀಟಾ ರೂಪ ಹಟಮಾರಿ. ಕ್ಲೋರಿನ್ನನ್ನು ಜಲಜನಕದ ಜೊತೆ ಎಳೆದುಹಾಕುವ ಕಿಣ್ವಕ್ಕೆ ಆ ಎರಡೂ ಉಂಗುರದ ಎದುರುಬದುರು ನೆಟ್ಟಗೆ ನಿಂತಿರಬೇಕು. ಬೀಟಾದಲ್ಲಿ ಆರೂ ಕ್ಲೋರಿನ್‌ಗಳು ಅಂಚಿನ ಕಡೆ ಮಲಗಿರುತ್ತವೆ, ಹಿಡಿಯಲು ಸಂದೇ ಸಿಗುವುದಿಲ್ಲ.

ಹೀಗಿರುವಾಗ 1990ರಲ್ಲಿ ಕಟಕ್‌ನ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ ಒಂದು ಪ್ರಬಂಧ ಬಂತು. ಬಿಎಚ್‌ಸಿ ಹಾಕಿದ ಭತ್ತದ ಬೇರಿನ ಸುತ್ತಲ ಮಣ್ಣಿನಿಂದ ಸಾಹು, ಸೇತುನಾಥನ್ ಮತ್ತು ಸಂಗಡಿಗರು ತೆಗೆದ ಬ್ಯಾಕ್ಟೀರಿಯಾ ಗಾಳಿಯಿರುವಲ್ಲೇ ಆಲ್ಫಾ, ಬೀಟಾ, ಗಾಮಾ ಮೂರನ್ನೂ ಒಡೆಯುತ್ತಿತ್ತು. ದೆಹಲಿ ವಿಶ್ವವಿದ್ಯಾಲಯದ ರೂಪ್ ಲಾಲ್ ಅವರ ಪ್ರಯೋಗಾಲಯದಲ್ಲಿ ಅದರ ವಿವರವಾದ ಅಧ್ಯಯನ ನಡೆದು, 2005ರಲ್ಲಿ ಅದಕ್ಕೆ ಸ್ಫಿಂಗೊಬಿಯಮ್ ಇಂಡಿಕಮ್ ಬಿ90ಎ ಎಂಬ ಹೆಸರು ಸಿಕ್ಕಿತು. ಜಪಾನಿನ ಹೊಲವೊಂದರಲ್ಲೂ ಫ್ರಾನ್ಸಿನಲ್ಲೂ ಇದರ ನಂಟರು ಸಿಕ್ಕರು. ಮೂರರಲ್ಲೂ ಲಿನ್ ಎಂಬ ಜೀನ್‌ಗಳ ಸರಣಿ ಹೆಚ್ಚು ಕಡಿಮೆ ಒಂದೇ, ಅವುಗಳ ಅಕ್ಕಪಕ್ಕದಲ್ಲಿ ಕೂತ ಹಾರುವ ಡಿಎನ್‌ಎ ತುಣುಕೂ ಒಂದೇ. ಮನುಷ್ಯ ಮೂರು ದೇಶಗಳಲ್ಲಿ ಪುಡಿ ಎರಚಿದ ಕೆಲವೇ ದಶಕಗಳಲ್ಲಿ ಮಣ್ಣಿನ ಜಗತ್ತು ಅದಕ್ಕೆ ತಕ್ಕ ಹತಾರ ಜೋಡಿಸಿಕೊಂಡು ಹಂಚಿಕೊಂಡಿತು. ಸೂಕ್ಷ್ಮಜೀವಶಾಸ್ತ್ರದಲ್ಲಿ ಇದಕ್ಕಿಂತ ಮನಸ್ಸು ತಟ್ಟುವ ಕಥೆಗಳು ಕಡಿಮೆ.

ಪ್ರಯೋಗಾಲಯದಿಂದ ಬಯಲಿಗೆ ಬಂದಾಗ ಏನಾಯಿತು? ಲಖನೌ ಹತ್ತಿರದ ಉಮ್ಮರಿ ಎಂಬ ಊರಿನ ಬಳಿ ಲಿಂಡೇನ್ ತ್ಯಾಜ್ಯ ಸುರಿದ ಜಾಗವಿದೆ. ಅಲ್ಲಿ ಸಿಕ್ಕ ಹೊಸ ಬ್ಯಾಕ್ಟೀರಿಯಾವೊಂದಕ್ಕೆ ಆ ಊರಿನ ಹೆಸರನ್ನೇ ಇಟ್ಟಿದ್ದಾರೆ. ಇಂಥ ನೆಲಗಳ ಸಲುವಾಗಿ ರೂಪ್ ಲಾಲ್ ತಂಡ ಸ್ವಿಸ್ ವಿಜ್ಞಾನಿಗಳ ಜೊತೆಗೂಡಿ ಮಾಡಿದ ಕೆಲಸ 2008ರಲ್ಲಿ ಪ್ರಕಟವಾಯಿತು. ಬಿ90ಎಯನ್ನು ಕಬ್ಬಿನ ಕಾಕಂಬಿ ಬೆರೆಸಿದ ನೀರಿನಲ್ಲಿ ಬೆಳೆಸಿ, ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡಿನ ಪುಡಿಗೆ ಹತ್ತಿಸಿ ಮಣ್ಣಿಗೆ ಬೆರೆಸಿದರು. ಎರಡೂ ರೈತರ ಕೈಗೆಟುಕುವ ಪದಾರ್ಥ. ಸಣ್ಣ ಗುಂಡಿಗಳಲ್ಲೂ ಎಚ್‌ಸಿಎಚ್ ಸೇರಿದ್ದ ಒಂದು ಕೃಷಿ ಜಮೀನಿನಲ್ಲೂ ಶೇಕಡ 85ರಿಂದ 95ರಷ್ಟು ವಿಷ ಒಡೆಯಿತು.

ಈ ಅಂಕಿಯನ್ನು ಹಿಡಿದು ಸಂಭ್ರಮಿಸುವವರು ಅದೇ ಪ್ರಬಂಧದ ಉಳಿದ ಅಂಕಿಗಳನ್ನೂ ನೋಡಬೇಕು. ಕಾಕಂಬಿಯಲ್ಲಿ ಬೆಳೆಸಿ ಪುಡಿಗೆ ಹತ್ತಿಸಿದ ಬ್ಯಾಕ್ಟೀರಿಯಾಗಳನ್ನು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ದಿನ ಇಟ್ಟರೆ ಮತ್ತೆ ಬೆಳೆಯಬಲ್ಲವು ಶೇಕಡ 15ರಿಂದ 20 ಮಾತ್ರ ಉಳಿದವು. ಹೊಲಕ್ಕೆ ಹಾಕಿದ ಎಂಟನೇ ದಿನಕ್ಕೆ ಬದುಕಿದ್ದದ್ದು ಹೆಚ್ಚೆಂದರೆ ಶೇಕಡ 20. ರಾಯಚೂರಿನ ಬೇಸಿಗೆಯಲ್ಲಿ ತಗಡಿನ ಛಾವಣಿಯ ಅಂಗಡಿಯ ಒಳಗೆ 30 ಡಿಗ್ರಿ ಎಂಬುದು ತಂಪು. ಪಾಕೀಟಿನ ಮೇಲೆ ಯಾವ ತಾರೀಕು ಅಚ್ಚಾಗಿದ್ದರೂ ಒಳಗಿರುವುದು ಬದುಕಿದೆಯೇ ಎಂಬುದು ಬೇರೆ ಪ್ರಶ್ನೆ.

ಬದುಕಿ ಮಣ್ಣಿಗೆ ಬಿದ್ದರೂ ಮುಂದೆ ಹಾದಿ ಸುಲಭವಲ್ಲ. ಅಲ್ಲಿ ಆಗಲೇ ನೆಲೆ ನಿಂತ ಸಾವಿರಾರು ಬಗೆಯ ಜೀವಿಗಳಿವೆ, ಬ್ಯಾಕ್ಟೀರಿಯಾಗಳನ್ನೇ ನುಂಗುವ ಏಕಕೋಶ ಜೀವಿಗಳಿವೆ. ಹಳೆಯ ವಿಷ ಜೇಡಿಮಣ್ಣಿನ ಪದರಗಳ ನಡುವೆ, ಕೊಳೆತ ಸಾವಯವ ಅಂಶದ ಒಳಗೆ ಸೇರಿಹೋಗಿರುತ್ತದೆ. ಹೊಸದಾಗಿ ಸುರಿದ ವಿಷಕ್ಕೂ ಇಪ್ಪತ್ತು ವರ್ಷ ಮಣ್ಣಲ್ಲಿ ಕೂತ ವಿಷಕ್ಕೂ ಇರುವ ವ್ಯತ್ಯಾಸ ಇದೇ. ಪ್ರಯೋಗಾಲಯದ ಶೀಷೆಯಲ್ಲಿ ಮೂರು ದಿನಕ್ಕೆ ಮುಗಿದದ್ದು ಎರೆಭೂಮಿಯಲ್ಲಿ ಮೂರು ವರ್ಷಕ್ಕೂ ಮುಗಿಯದಿರಬಹುದು.

ಕರ್ನಾಟಕದಲ್ಲೂ ಈ ದಿಕ್ಕಿನಲ್ಲಿ ಗಟ್ಟಿ ಕೆಲಸ ನಡೆದಿದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಎಚ್. ಕೆ. ಮನೋನ್ಮಣಿ ಮತ್ತು ಸಂಗಡಿಗರು ಎಚ್‌ಸಿಎಚ್ ಒಡೆಯುವ ಸೂಕ್ಷ್ಮಜೀವಿಗಳ ಕೂಟವೊಂದನ್ನು ಪಳಗಿಸಿ 2000ದಲ್ಲಿ ವರದಿ ಮಾಡಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದಲ್ಲಿ ಎಚ್. ಜೆಡ್. ನಿನ್ನೇಕರ್ ಅವರ ತಂಡ ಮೈಕ್ರೊಕಾಕಸ್ ಬ್ಯಾಕ್ಟೀರಿಯಾಗಳು ಕಾರ್ಬರಿಲ್ ಮತ್ತು ಸೈಪರ್‌ಮೆಥ್ರಿನ್ ಕೀಟನಾಶಕಗಳನ್ನು ಒಡೆಯುವ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಿತು. ಹತ್ತಿಯ ಸೀಮೆಯಲ್ಲಿ ಸೈಪರ್‌ಮೆಥ್ರಿನ್ ಹೆಸರು ಕೇಳದ ರೈತರಿಲ್ಲ. ಈ ಜ್ಞಾನ ಹೊಲದವರೆಗೆ ಬರಬೇಕಾದರೆ ನಡುವೆ ಆಗಬೇಕಾದ ಬಯಲು ಪ್ರಯೋಗಗಳು ವರ್ಷಗಟ್ಟಲೆಯವು, ಹಣ ಬೇಡುವಂಥವು. ಪ್ರಬಂಧ ಪ್ರಕಟವಾದಲ್ಲಿಗೆ ಯೋಜನೆ ಮುಗಿಯುವ ಏರ್ಪಾಟಿನಲ್ಲಿ ಅಂಥ ಪ್ರಯೋಗಗಳಿಗೆ ಜಾಗವಿಲ್ಲ. ಈ ಕೊರತೆ ವಿಜ್ಞಾನಿಗಳದಲ್ಲ, ಹಣ ಕೊಡುವ ಕ್ರಮದ್ದು.

ಎಂಡೋಸಲ್ಫಾನ್ ವಿಷಯದಲ್ಲಿ ಕನ್ನಡಿಗರಿಗೆ ಬೇರೆ ಪೀಠಿಕೆ ಬೇಡ. ಕಾಸರಗೋಡಿನ ಎಣ್ಮಕಜೆಯ ಸುತ್ತಮುತ್ತ, ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಆ ವಿಷದ ಬಳಿಕ ಹುಟ್ಟಿದ ಮಕ್ಕಳ ಬವಣೆಯನ್ನು ವೈದ್ಯ ವೈ. ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲಾದವರು ಲೋಕಕ್ಕೆ ತಿಳಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ತಯಾರಿಕೆ ಮತ್ತು ಬಳಕೆಯನ್ನು ತಡೆಯಿತು. ಆ ಕುಟುಂಬಗಳಿಗೆ ಯಾವ ಬ್ಯಾಕ್ಟೀರಿಯಾವೂ ಪರಿಹಾರವಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು.

ಮಣ್ಣಿನಲ್ಲಿ ಎಂಡೋಸಲ್ಫಾನ್‌ಗೆ ಎರಡು ದಾರಿ. ನೀರಿನೊಡನೆ ಸೇರಿ ಒಡೆದರೆ ಎಂಡೋಸಲ್ಫಾನ್ ಡಯೋಲ್ ಆಗುತ್ತದೆ, ಅದರ ನಂಜು ಬಹಳ ಕಡಿಮೆ. ಶಿಲೀಂಧ್ರಗಳೂ ಹಲವು ಬ್ಯಾಕ್ಟೀರಿಯಾಗಳೂ ಆಮ್ಲಜನಕ ಸೇರಿಸಿದರೆ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಅದು ಮೂಲದಷ್ಟೇ ವಿಷ, ಮೂಲಕ್ಕಿಂತ ದೀರ್ಘಾಯು. ಸೂಕ್ಷ್ಮಜೀವಿ ಮುಟ್ಟಿದ್ದೆಲ್ಲ ಶುದ್ಧವಾಗುತ್ತದೆ ಎಂಬ ನಂಬಿಕೆಗೆ ಇದೊಂದೇ ಉದಾಹರಣೆ ಸಾಕಾದ ಉತ್ತರ. ಇನ್ನೊಂದು ಸೂಕ್ಷ್ಮವೂ ಇದೆ. ಕ್ಷಾರಗುಣದ ನೀರಿನಲ್ಲಿ ಎಂಡೋಸಲ್ಫಾನ್ ತನ್ನಷ್ಟಕ್ಕೇ ಒಡೆಯುತ್ತದೆ. ಬ್ಯಾಕ್ಟೀರಿಯಾ ಬೆಳೆಯುತ್ತ ದ್ರಾವಣವನ್ನು ಕ್ಷಾರವಾಗಿಸಿದರೆ ವಿಷ ಇಳಿಯುತ್ತದೆ, ಆದರೆ ಉಂಡದ್ದು ಬ್ಯಾಕ್ಟೀರಿಯಾ ಅಲ್ಲ. ಕರಾವಳಿಯ ಮುರಕಲ್ಲಿನ ಮಣ್ಣು ಆಮ್ಲಗುಣದ್ದು, ಅಲ್ಲಿ ಈ ತನ್ನಿಂತಾನೇ ಒಡೆಯುವ ಕ್ರಿಯೆಯೂ ನಿಧಾನ.

ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ಟಾರಾ ಸದರ್‌ಲ್ಯಾಂಡ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗ ಈ ಎಲ್ಲ ಎಚ್ಚರಗಳಿಗೂ ಮಾದರಿ. ದ್ರಾವಣ ಕ್ಷಾರಕ್ಕೆ ತಿರುಗದಂತೆ ಪಿಎಚ್ 6.6ರಲ್ಲಿ ಬಿಗಿಯಾಗಿ ಹಿಡಿದಿಟ್ಟರು. ನೀರಿನಲ್ಲಿ ಕರಗದ ವಿಷ ಬ್ಯಾಕ್ಟೀರಿಯಾಗಳಿಗೆ ಸಿಗುವಂತೆ ಸಾಬೂನಿನ ಗುಣದ ಪದಾರ್ಥ ಬೆರೆಸಿದರು. ಎಲ್ಲಕ್ಕಿಂತ ಜಾಣತನದ ಕೆಲಸವೆಂದರೆ, ಜೀವಿಗಳಿಗೆ ಬೇಕಾದ ಗಂಧಕವನ್ನು ಬೇರಾವ ರೂಪದಲ್ಲೂ ಕೊಡಲಿಲ್ಲ. ಎಂಡೋಸಲ್ಫಾನ್ ಅಣುವಿನಲ್ಲಿ ಒಂದು ಗಂಧಕ ಇದೆ. ಅದನ್ನು ಕಿತ್ತುಕೊಳ್ಳಬಲ್ಲ ಜೀವಿ ಮಾತ್ರ ಬದುಕುವಂತಾಯಿತು. ಗಂಧಕ ಕಿತ್ತ ಮೇಲೆ ವಿಷದ ಹಲ್ಲೂ ಕಿತ್ತಂತೆ.

ಬದುಕಿರುವ ಜೀವಿಯ ಬದಲು ಅದರ ಕಿಣ್ವವನ್ನಷ್ಟೇ ಬಳಸುವ ಹಾದಿಯೂ ಒಂದಿದೆ. ಮಿನೆಸೋಟ ವಿಶ್ವವಿದ್ಯಾಲಯದ ಲ್ಯಾರಿ ವ್ಯಾಕೆಟ್, ಮೈಕೆಲ್ ಸಡೋವ್‌ಸ್ಕಿ ಮತ್ತವರ ಬಳಗ ಅಟ್ರಜಿನ್ ಕಳೆನಾಶಕ ಉಣ್ಣುವ ಬ್ಯಾಕ್ಟೀರಿಯಾವನ್ನು 1995ರಲ್ಲಿ ಬೇರ್ಪಡಿಸಿತ್ತು. ಆ ಬಳಿಕ ದಕ್ಷಿಣ ಡಕೋಟದಲ್ಲಿ ಸಾವಿರ ಪೌಂಡ್ ಅಟ್ರಜಿನ್ ಚೆಲ್ಲಿಹೋದ ಜಾಗದ ಮಣ್ಣಿಗೆ, ಅಟ್ರಜಿನ್‌ನ ಕ್ಲೋರಿನ್ ಕೀಳುವ ಕಿಣ್ವವನ್ನು ತುಂಬಿದ ಇ. ಕೊಲೈ ಬ್ಯಾಕ್ಟೀರಿಯಾಗಳನ್ನು ಕೊಂದು, ಸತ್ತ ರೂಪದಲ್ಲೇ ಬೆರೆಸಿದರು. ಎಂಟು ವಾರದಲ್ಲಿ ಅಟ್ರಜಿನ್ ಶೇಕಡ 52ರಷ್ಟು ಇಳಿಯಿತು. ಜೊತೆಗೆ ಫಾಸ್ಫೇಟ್ ಕೊಟ್ಟ ತಾಕಿನಲ್ಲಿ ಶೇಕಡ 77ರಷ್ಟು ಇಳಿಯಿತು. ಬರೀ ಫಾಸ್ಫೇಟ್ ಕೊಟ್ಟ ತಾಕಿನಲ್ಲಿ ಏನೂ ಆಗಲಿಲ್ಲ. ಕುಲಾಂತರಿ ಜೀವಿ ಬಯಲಿಗೆ ಹಬ್ಬುವ ಭಯವಿಲ್ಲ ಎಂಬುದು ಇದರ ದೊಡ್ಡ ಗುಣ. ಆದರೆ ಒಂದೇ ಕಡೆ ಭಾರೀ ಪ್ರಮಾಣದಲ್ಲಿ ಚೆಲ್ಲಿದ ವಿಷಕ್ಕೆ ಒಪ್ಪುವ ಈ ಖರ್ಚು, ಎಕರೆಗಟ್ಟಲೆ ತೆಳ್ಳಗೆ ಹರಡಿದ ಉಳಿಕೆಗೆ ಒಪ್ಪುವುದು ಕಷ್ಟ.

ಯಾವ ಜೀವಿಗೂ ಒಡೆಯಲಾಗದ ವಿಷವೂ ಉಂಟು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ರೂಢಿಗೆ ನೂರು ವರ್ಷ ದಾಟಿದೆ. ಮೈಸೂರು ಸಂಸ್ಥಾನದ ಕೃಷಿವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಬಳಕೆಗೆ ತಂದವರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದ ತಾಮ್ರ ಒಂದು ಮೂಲಧಾತು. ಅದನ್ನು ಇನ್ನೂ ಸಣ್ಣದಾಗಿ ಒಡೆಯುವ ಮಾತೇ ಇಲ್ಲ, ಮಣ್ಣಿನಲ್ಲಿ ವರ್ಷವರ್ಷವೂ ಕೂಡುತ್ತ ಹೋಗುತ್ತದೆ. ಸೂಕ್ಷ್ಮಜೀವಿಗಳ ಹೆಸರಿನಲ್ಲಿ ಎಲ್ಲ ವಿಷಕ್ಕೂ ಒಂದೇ ಮದ್ದು ಎನ್ನುವವರ ಎದುರು ತೋಟಗಾರರು ಇದನ್ನು ಇಟ್ಟು ಕೇಳಬಹುದು.

ಹಾಗಾದರೆ ಹೊಲದಲ್ಲಿ ಮಾಡಬಹುದಾದದ್ದೇನು? ಹಟ್ಟಿಗೊಬ್ಬರ, ಸೊಪ್ಪು, ಹದವಾದ ತೇವ ಸಿಕ್ಕ ಮಣ್ಣಿನಲ್ಲಿ ಜೀವಿಗಳ ಒಟ್ಟು ಸಂಖ್ಯೆ ಏರುತ್ತದೆ. ಬೇಗ ಒಡೆಯುವ ಇಂದಿನ ಬಹುಪಾಲು ಔಷಧಿಗಳ ಉಳಿಕೆಗೆ ಇದು ನೆರವಾಗುತ್ತದೆ. ಆದರೆ ಸಂಖ್ಯೆ ಏರಿದ ಮಾತ್ರಕ್ಕೆ ಬೀಟಾ ಎಚ್‌ಸಿಎಚ್ ಉಣ್ಣುವ ಜೀವಿ ಅಲ್ಲಿ ಹುಟ್ಟಿಬಿಡುವುದಿಲ್ಲ. ಹಳೆಯ, ಗಟ್ಟಿ ವಿಷವಿರುವ ಜಾಗದಲ್ಲಿ ಮೊದಲು ಮಣ್ಣಿನ ಪರೀಕ್ಷೆ, ಆ ಮಣ್ಣಿನಲ್ಲೇ ಇರುವ ಉಣ್ಣುವ ಜೀವಿಗಳ ಹುಡುಕಾಟ, ಆಮೇಲೆ ಅವುಗಳಿಗೇ ಗಾಳಿ, ನೀರು, ಆಹಾರದ ಅನುಕೂಲ ಮಾಡಿಕೊಡುವುದು ಸರಿಯಾದ ಅನುಕ್ರಮ. ಹೊರಗಿನ ಜೀವಿಯನ್ನು ತರುವುದು ಕೊನೆಯ ಉಪಾಯ.

ಇದೆಲ್ಲಕ್ಕಿಂತ ಕಡಿಮೆ ಖರ್ಚಿನದು, ವಿಷ ಒಂದೇ ಕಡೆ ಬೀಳುವ ಜಾಗವನ್ನು ಹಿಡಿಯುವುದು. ಔಷಧಿ ಬೆರೆಸುವಾಗ ಚೆಲ್ಲಿದ್ದು, ಪಂಪು ತೊಳೆದ ನೀರು, ಡಬ್ಬಿಯ ತಳದಲ್ಲಿ ಉಳಿದದ್ದು ಇವೆಲ್ಲ ಬಾವಿಕಟ್ಟೆಯ ಹತ್ತಿರವೋ ಕೊಳವೆಬಾವಿಯ ತೊಟ್ಟಿಯ ಬಳಿಯೋ ದಿನವೂ ಅದೇ ನೆಲಕ್ಕೆ ಇಂಗುತ್ತವೆ. ಸ್ವೀಡನ್ನಿನ ರೈತರು ಇದಕ್ಕೆ 1993ರಿಂದ ಬಯೋಬೆಡ್ ಎಂಬ ಗುಂಡಿ ಬಳಸುತ್ತಿದ್ದಾರೆ. ಸುಮಾರು 60 ಸೆಂಟಿಮೀಟರ್ ಆಳ, ತಳಕ್ಕೆ ಜೇಡಿಮಣ್ಣಿನ ಪದರ, ಅದರ ಮೇಲೆ ಎರಡು ಪಾಲು ಹುಲ್ಲು, ಒಂದು ಪಾಲು ಪೀಟ್ ಎಂಬ ಕೊಳೆತ ಪಾಚಿಯ ಗೊಬ್ಬರ, ಒಂದು ಪಾಲು ಮೇಲ್ಮಣ್ಣು, ಎಲ್ಲಕ್ಕೂ ಮೇಲೆ ಹಸಿರು ಹುಲ್ಲಿನ ಹೊದಿಕೆ. ಸಿಂಪಡಣಾ ಯಂತ್ರವನ್ನು ಅದರ ಮೇಲೆಯೇ ನಿಲ್ಲಿಸಿ ತುಂಬುತ್ತಾರೆ, ತೊಳೆಯುತ್ತಾರೆ. ಹುಲ್ಲಿನ ಗಟ್ಟಿ ನಾರನ್ನು ಕರಗಿಸಲು ಬಿಳಿ ಕೊಳೆ ಶಿಲೀಂಧ್ರಗಳು ಹೊರಬಿಡುವ ಕಿಣ್ವಗಳು ಅಣು ನೋಡಿ ಆಯ್ಕೆ ಮಾಡುವಂಥವಲ್ಲ, ಕೀಟನಾಶಕಗಳನ್ನೂ ಅವು ಮುರಿಯುತ್ತವೆ. ಪೀಟ್ ವಿಷವನ್ನು ಹಿಡಿದಿಡುತ್ತದೆ, ತಳದ ಜೇಡಿ ಕೆಳಗಿಳಿಯದಂತೆ ತಡೆಯುತ್ತದೆ. ಹುಲ್ಲು ಕೊಳೆತು ಕುಸಿದಂತೆ ಮೇಲಿನಿಂದ ಹೊಸ ಮಿಶ್ರಣ ಸೇರಿಸುತ್ತಾರೆ.

ವಿಜಯಪುರದ ದ್ರಾಕ್ಷಿ, ಚಿತ್ರದುರ್ಗದ ದಾಳಿಂಬೆ, ಬ್ಯಾಡಗಿ ಸೀಮೆಯ ಮೆಣಸಿನಕಾಯಿ ಬೆಳೆಗಾರರ ಸಂಘಗಳು ಇದನ್ನು ಪ್ರಯೋಗ ಮಾಡಿ ನೋಡಲು ತಕ್ಕವು. ಪೀಟ್ ನಮ್ಮಲ್ಲಿ ಸುಲಭಕ್ಕೆ ಸಿಗದು, ಬದಲಿಗೆ ತೆಂಗಿನನಾರಿನ ಪುಡಿ, ಭತ್ತದ ಹುಲ್ಲು ಅಥವಾ ಜೋಳದ ದಂಟು ಇವೆ. ಯಾವ ಅಳತೆಯಲ್ಲಿ ಬೆರೆಸಿದರೆ ನಮ್ಮ ಬಿಸಿಲಿಗೆ ತೇವ ನಿಲ್ಲುತ್ತದೆ, ಮಳೆಗಾಲದ ಧಾರೆಗೆ ಗುಂಡಿ ತುಂಬಿ ಹರಿಯದಂತೆ ಮೇಲೆ ಎಂಥ ಚಪ್ಪರ ಬೇಕು, ಒಂದು ಹಂಗಾಮು ಮುಗಿದ ಮೇಲೆ ತಳದ ನೀರಿನಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಅಳೆಯಲು ಒಂದು ಕೃಷಿ ವಿಜ್ಞಾನ ಕೇಂದ್ರ, ಉಳಿಕೆ ಪರೀಕ್ಷಿಸುವ ಒಂದು ಪ್ರಯೋಗಾಲಯ, ಜಾಗ ಕೊಡಲು ಒಪ್ಪುವ ಹತ್ತು ಮಂದಿ ರೈತರು ಸಾಕು. ಆ ಗುಂಡಿಯ ಮಿಶ್ರಣಕ್ಕೆ ಹಾಕುವ ಒಂದು ಪಾಲು ಮೇಲ್ಮಣ್ಣನ್ನು ಮಾತ್ರ ಹೊರಗಿನಿಂದ ತರಬಾರದು. ಅದೇ ಔಷಧಿಯನ್ನು ವರ್ಷಗಳಿಂದ ಉಂಡ ಅದೇ ತೋಟದಿಂದ ತೆಗೆಯಬೇಕು. ಉಣ್ಣಲು ಕಲಿತ ಜೀವಿಗಳು ಇರುವುದು ಅಲ್ಲಿಯೇ.